ಸಾಗರಕ್ಕಿಳಿಯುವ ಮುನ್ನ

(ಸಂಘದ ಸ್ಥಾಪನಾ ದಿನೋತ್ಸವದ ಸಂದರ್ಭದಲ್ಲಿ ರೇನರ್ಸ್ ಲೇನ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಊಟಕ್ಕೆ ಮುಂಚಿನ ಭಾಷಣಕ್ಕೆ ಇರುವ ನಿಯಮ ಒಂದೇ: ಬಿಸಿಬೇಳೆಬಾತ್ ಆರುವುದರೊಳಗೆ ಮುಗಿಯಬೇಕು. ಆ ನಿಯಮವನ್ನು ಪಾಲಿಸುತ್ತೇನೆಂದು ಮೊದಲೇ ಮಾತು ಕೊಡುತ್ತೇನೆ.

ರೇನರ್ಸ್ ಲೇನ್‌ನಲ್ಲಿ ನಿಂತು ಮಹಾಸಾಗರದ ವಿಷಯ ಮಾತಾಡುವುದು ನಿಮಗೆ ವಿಚಿತ್ರವೆನಿಸಬಹುದು. ನಮಗೆ ಹತ್ತಿರದ ದೊಡ್ಡ ನೀರೆಂದರೆ ರೈಸ್ಲಿಪ್ ಲಿಡೊ. ಅದೂ 1811ರಲ್ಲಿ ಕಾಲುವೆಗೆ ನೀರೊದಗಿಸಲೆಂದು ಕಟ್ಟಿದ ಕೆರೆ. ಆದರೂ ಈ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಏಕೆಂದರೆ ನಮ್ಮ ಪೈಕಿಯ ಒಬ್ಬ ಹೆಣ್ಣುಮಗಳು ಅಟ್ಲಾಂಟಿಕ್ ಸಾಗರವನ್ನು ಒಬ್ಬಳೇ ಹುಟ್ಟು ಹಾಕಿ ದಾಟಿದ್ದಾಳೆ.

ಅನನ್ಯಾ ಪ್ರಸಾದ್ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬೆಳೆದವರು. ನಮ್ಮ ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು. 2024ರ ಡಿಸೆಂಬರ್‌ನಲ್ಲಿ ಕೆನರಿ ದ್ವೀಪಗಳ ಲಾ ಗೊಮೆರಾದಿಂದ ಹೊರಟು, 52 ದಿನಗಳಲ್ಲಿ ಕೆರಿಬಿಯನ್ನಿನ ಆಂಟಿಗುವಾ ದ್ವೀಪವನ್ನು ಮುಟ್ಟಿದರು. ದೂರ ಸುಮಾರು 3,000 ಮೈಲಿ, ಅಂದರೆ 4,800 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋಗಿ ಹಿಂದಿರುಗಿದರೂ ಇಷ್ಟಾಗುವುದಿಲ್ಲ! ಒಂಟಿಯಾಗಿ ಅಟ್ಲಾಂಟಿಕ್ ದಾಟಿದ ಮೊದಲ ಶ್ವೇತೇತರ ಮಹಿಳೆ ಎಂದು ಪತ್ರಿಕೆಗಳು ಬರೆದವು. ನಾವೆಲ್ಲ ಹೆಮ್ಮೆಯಿಂದ ಆ ಸುದ್ದಿಯನ್ನು ಫೋನಿನಿಂದ ಫೋನಿಗೆ ಕಳಿಸಿದೆವು. ಅದು ಸರಿಯೇ. ಆದರೆ ನಾನು ಇಂದು ಮಾತಾಡಬೇಕೆಂದಿರುವುದು ಆ 52 ದಿನಗಳ ಬಗ್ಗೆ ಅಲ್ಲ, ಅದಕ್ಕೆ ಹಿಂದಿನ ದಿನಗಳ ಬಗ್ಗೆ. ಇಂಥ ಯಾತ್ರೆಗೆ ತಯಾರಿ ಹೇಗೆ ನಡೆಯುತ್ತದೆ? ಅದರಲ್ಲಿ ದಡದ ಮೇಲಿರುವ ನಮ್ಮಂಥವರ ಪಾತ್ರವೇನು?

ಮೊದಲು ಸ್ವಲ್ಪ ಚರಿತ್ರೆ. 1896ರಲ್ಲಿ ನಾರ್ವೆ ಮೂಲದ ಹಾರ್ಬೋ ಮತ್ತು ಸ್ಯಾಮುಯೆಲ್ಸನ್ ಎಂಬಿಬ್ಬರು ನ್ಯೂಯಾರ್ಕಿನಿಂದ ಹೊರಟು, 18 ಅಡಿಯ ತೆರೆದ ದೋಣಿಯಲ್ಲಿ 55 ದಿನ ಹುಟ್ಟು ಹಾಕಿ ಇಂಗ್ಲೆಂಡಿನ ಸಿಲಿ ದ್ವೀಪಗಳನ್ನು ತಲುಪಿದರು. ಮತ್ತೆ 70 ವರ್ಷ ಕಳೆದ ಮೇಲೆ, 1966ರಲ್ಲಿ, ಜಾನ್ ರಿಜ್‌ವೇ ಮತ್ತು ಚೇ ಬ್ಲೈತ್ ಎಂಬ ಇಬ್ಬರು ಬ್ರಿಟಿಷ್ ಸೈನಿಕರು ಅಮೆರಿಕದಿಂದ ಐರ್ಲೆಂಡಿಗೆ 92 ದಿನಗಳಲ್ಲಿ ಬಂದರು. ಅದೇ ವರ್ಷ, ಅದೇ ಸಾಗರದಲ್ಲಿ, ಡೇವಿಡ್ ಜಾನ್‌ಸ್ಟನ್ ಮತ್ತು ಜಾನ್ ಹೋರ್ ಎಂಬ ಇನ್ನಿಬ್ಬರು 'ಪಫಿನ್' ಎಂಬ ದೋಣಿಯಲ್ಲಿ ಹೊರಟಿದ್ದರು. ಅವರ ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ಧೈರ್ಯ ನಾಲ್ವರಿಗೂ ಇತ್ತು. ಸಾಗರಕ್ಕೆ ಧೈರ್ಯವೊಂದೇ ಸಾಲದು ಎಂಬುದನ್ನು ಮಕ್ಕಳಿಗೆ ಹೇಳುವಾಗ ಈ ಎರಡು ದೋಣಿಗಳ ಕಥೆಯನ್ನೂ ಒಟ್ಟಿಗೇ ಹೇಳಬೇಕು. ಮುಂದೆ ಅದೇ ಚೇ ಬ್ಲೈತ್ 1997ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಸ್ಪರ್ಧೆಯನ್ನು ಏರ್ಪಡಿಸಿದರು. ಆಮೇಲೆ ಸ್ಪರ್ಧೆ ಬೆಳೆದಂತೆ ನಿಯಮಗಳೂ ತಪಾಸಣೆಗಳೂ ಬೆಳೆದವು.

ಇನ್ನು ದೋಣಿಯ ವಿಷಯ. ತಲಕಾಡಿನ ಹರಿಗೋಲನ್ನೋ ಮಲ್ಪೆಯ ನಾಡದೋಣಿಯನ್ನೋ ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದು ಏಳೆಂಟು ಮೀಟರ್ ಉದ್ದದ ದೋಣಿ. ಮುಂದೆ ಒಂದು ಹಿಂದೆ ಒಂದು ಪುಟ್ಟ ಗೂಡು, ನಡುವೆ ಹುಟ್ಟು ಹಾಕುವ ಜಾಗ. ಮೇಲೆ ಸೌರಫಲಕಗಳು. ಆ ವಿದ್ಯುತ್ತಿನಿಂದ ಸಮುದ್ರದ ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ನಡೆಯುತ್ತದೆ. ಯಂತ್ರ ಕೆಟ್ಟರೆ ಕೈಯಲ್ಲಿ ಒತ್ತುವ ಪಂಪು ಇರಬೇಕು. ಎದುರು ಗಾಳಿ ಬೀಸಿದಾಗ ದೋಣಿ ಹಿಂದಕ್ಕೆ ಹೋಗದಂತೆ ನೀರಿನಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುವ ಲಂಗರು ಇರಬೇಕು. ಶೌಚಕ್ಕೆ ಬಕೆಟ್ಟು. (ಮಕ್ಕಳು ನಗುತ್ತಿದ್ದಾರೆ, ನಗಲಿ!)

ಈ ದೋಣಿ ಅಲೆಗೆ ಮಗುಚಿದರೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಗೂಡುಗಳೊಳಗಿನ ಗಾಳಿಯೇ ಅದನ್ನು ಮೇಲೆತ್ತುತ್ತದೆ. ಆದರೆ ಗೂಡಿನ ಬಾಗಿಲು ಮುಚ್ಚಿದ್ದರೆ ಮಾತ್ರ. ಸೆಕೆ ತಾಳಲಾರದೆ ಯಾರಾದರೂ ಬಾಗಿಲು ತೆರೆದಿಟ್ಟಾಗ ದೊಡ್ಡ ಅಲೆ ಬಂದರೆ ಒಳಗೆ ನೀರು ತುಂಬುತ್ತದೆ, ದೋಣಿ ಮತ್ತೆ ಏಳುವುದಿಲ್ಲ. ಒಳಗೆ ಹೋದಾಗ ಬಾಗಿಲು ಹಾಕು, ಹೊರಗೆ ಬಂದಾಗ ಸೊಂಟಕ್ಕೆ ಹಗ್ಗ ಕಟ್ಟು. ಇಷ್ಟು ಚಿಕ್ಕ ವಿಷಯದ ಮೇಲೆ ಜೀವ ನಿಂತಿರುತ್ತದೆ. ಹಾಗಾಗಿ ತಯಾರಿಯೆಂದರೆ ಬರೀ ತೋಳಿನ ಬಲ ಬೆಳೆಸುವುದಲ್ಲ. ನಿದ್ದೆಗಣ್ಣಿನಲ್ಲೂ ತಪ್ಪದಂತೆ ಕೈಗೆ ಅಭ್ಯಾಸ ಹಿಡಿಸುವುದು.

ಅದಕ್ಕೆಂದೇ ಹೊರಡುವವರು ತರಗತಿಗೆ ಕೂರಬೇಕು. ನಕ್ಷೆ ನೋಡಿ ದಾರಿ ಗುರುತಿಸುವುದು, ರೇಡಿಯೋ ಬಳಸುವುದು, ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ, ಇವಕ್ಕೆಲ್ಲ ಇಲ್ಲಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ಮಾನ್ಯತೆ ನೀಡಿದ ಶಿಕ್ಷಣವಿದೆ. ಆಮೇಲೆ ತಮ್ಮದೇ ದೋಣಿಯಲ್ಲಿ ಕರಾವಳಿಯ ನೀರಿನಲ್ಲಿ ನಿಗದಿತ ಗಂಟೆಗಳ ಅಭ್ಯಾಸ, ಅದರಲ್ಲಿ ಒಂದು ಪಾಲು ಕತ್ತಲೆಯಲ್ಲಿ. ಚುಕ್ಕಾಣಿ ಮುರಿದರೆ ನಡುಗಡಲಿನಲ್ಲಿ ಯಾವ ಬಡಗಿಯೂ ಬರುವುದಿಲ್ಲ. ಬದಲಿ ಭಾಗ ದೋಣಿಯಲ್ಲಿರಬೇಕು, ಜೋಡಿಸುವ ವಿದ್ಯೆ ಕೈಯಲ್ಲಿರಬೇಕು. ದೋಣಿಯ ತಳಕ್ಕೆ ಚಿಪ್ಪುಹುಳುಗಳು ಅಂಟಿಕೊಂಡು ವೇಗ ತಗ್ಗಿಸುತ್ತವೆ. ಹಗ್ಗ ಕಟ್ಟಿಕೊಂಡು ಸಾಗರಕ್ಕೆ ಇಳಿದು ಅವನ್ನು ಕೆರೆಯಬೇಕು. ನೀರಡಿಕೆಯಾದಾಗ ಬಾವಿ ತೋಡುವ ಹಾಗಿಲ್ಲ.

ತಂಡವಾಗಿ ಹೋಗುವವರಿಗೆ ಇನ್ನೊಂದು ತಯಾರಿ ಬೇಕು, ಅದು ಮನಸ್ಸಿನದು. ನಾಲ್ವರ ತಂಡದಲ್ಲಿ ಸಾಮಾನ್ಯವಾಗಿ ಎರಡು ಗಂಟೆ ಹುಟ್ಟು ಹಾಕುವುದು, ಎರಡು ಗಂಟೆ ವಿಶ್ರಾಂತಿ, ಹಗಲೂ ರಾತ್ರಿಯೂ ಇದೇ ಸರದಿ. ಆ ಎರಡು ಗಂಟೆಯಲ್ಲೇ ತಿನ್ನಬೇಕು, ಮೈ ಒರೆಸಿಕೊಳ್ಳಬೇಕು, ಉಪ್ಪಿನಿಂದಾದ ಹುಣ್ಣಿಗೆ ಮುಲಾಮು ಹಚ್ಚಬೇಕು, ನಿದ್ದೆಯನ್ನೂ ಮಾಡಬೇಕು. ದಿನಕ್ಕೆ ಸುಮಾರು 5,000 ಕ್ಯಾಲೊರಿ ತಿಂದರೂ ಮೈ ಇಳಿಯುತ್ತದೆ. ಇಂಥ ಸ್ಥಿತಿಯಲ್ಲಿ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಈ ದೋಣಿಗೂ ಸಲ್ಲುತ್ತದೆ. ಕೊನೆಯ ನಿರ್ಧಾರ ಯಾರದು? ಒಬ್ಬರಿಗೆ ಕಾಯಿಲೆಯಾದರೆ ಏನು? ಬೇಸರವಾದರೆ ಯಾರಿಗೆ, ಹೇಗೆ ಹೇಳಬೇಕು? ಒಬ್ಬರು ಬಿಟ್ಟು ಹೋಗಬೇಕೆಂದರೆ? ಇವಕ್ಕೆಲ್ಲ ಉತ್ತರ ದಡದಲ್ಲಿರುವಾಗಲೇ ಸಿದ್ಧವಾಗಬೇಕು.

ಕೊನೆಯ ಪ್ರಶ್ನೆ ಬರೀ ಕಲ್ಪನೆಯಲ್ಲ. 2001ರ ಸ್ಪರ್ಧೆಯಲ್ಲಿ ಡೆಬ್ರಾ ವೀಲ್ ಮತ್ತು ಆಕೆಯ ಪತಿ ಜೊತೆಯಾಗಿ ಹೊರಟರು. ಪತಿ ನುರಿತ ರೋಯಿಂಗ್ ಪಟು, ಆಕೆಗೆ ಅನುಭವ ಕಡಿಮೆ. ಆದರೆ ಕೆಲವೇ ದಿನಗಳಲ್ಲಿ ಪತಿಗೆ ತೆರೆದ ಸಾಗರದ ಭಯ ಹಿಡಿಯಿತು, ಬೆಂಗಾವಲು ಹಡಗು ಬಂದು ಅವರನ್ನು ಕರೆದೊಯ್ದಿತು. ಡೆಬ್ರಾ ಒಬ್ಬರೇ ಮುಂದುವರಿದು, 111 ದಿನಗಳಲ್ಲಿ ಬಾರ್ಬಡೋಸ್ ತಲುಪಿದರು. ತೋಳ್ಬಲ ನೋಡಿ ಮನೋಬಲ ಅಳೆಯಲಾಗದು. ಜೊತೆಗೆ, ಬಿಟ್ಟು ಬಂದವನನ್ನು ಹೀಯಾಳಿಸುವುದೂ ಸಲ್ಲದು. ಆಗುವುದಿಲ್ಲವೆಂದು ಒಪ್ಪಿಕೊಂಡು ಜೀವ ಉಳಿಸಿಕೊಳ್ಳುವುದಕ್ಕೂ ಧೈರ್ಯ ಬೇಕು.

ಈಗ ನಮ್ಮ ಮಾತಿಗೆ ಬರುತ್ತೇನೆ. ಕರಾವಳಿಯಿಂದ ಬಂದವರಿಗೆ ರಂಪಣಿ ಬಲೆ ಗೊತ್ತು. ಕೆಲವರು ದೋಣಿಯಲ್ಲಿ ಹೋಗಿ ಅರ್ಧಚಂದ್ರದಂತೆ ಬಲೆ ಬಿಟ್ಟು ಬರುತ್ತಾರೆ. ಆದರೆ ಆ ಬಲೆಯನ್ನು ಎಳೆಯುವವರು ದಡದ ಮೇಲೆ ಎರಡು ಸಾಲಾಗಿ ನಿಂತ ಹತ್ತಾರು ಮಂದಿ. ನೀರಿನಲ್ಲಿ ಕೆಲವರು, ಮರಳಿನ ಮೇಲೆ ಊರೇ! ಸಾಗರ ದಾಟುವ ದೋಣಿಯೂ ಹೀಗೆಯೇ. ಒಂಟಿಯಾಗಿ ದಾಟಿದರು ಎನ್ನುತ್ತೇವೆ. ಆದರೆ ಹವಾಮಾನ ನೋಡಿ ದಾರಿ ಹೇಳುವವರು, ದೋಣಿ ರಿಪೇರಿ ಕಲಿಸಿದವರು, ಹಣ ಕೂಡಿಸಿದವರು, ದಿನಕ್ಕೊಮ್ಮೆ ಉಪಗ್ರಹ ಫೋನಿನಲ್ಲಿ ಧ್ವನಿ ಕೇಳಲೆಂದು ಕಾದು ಕೂತ ತಂದೆತಾಯಿ, ಇವರೆಲ್ಲ ಹಗ್ಗದ ಇನ್ನೊಂದು ತುದಿ ಹಿಡಿದವರು.

ಆ ಹಗ್ಗ ಹಿಡಿಯಲು ನಮ್ಮ ಮನೆಗಳು ಸಿದ್ಧವಾಗಿವೆಯೇ? ನಮ್ಮಲ್ಲಿ ಹೆಚ್ಚಿನವರು ಒಂದು ಸೂಟ್‌ಕೇಸು, ಒಂದು ಪದವಿ ಹಿಡಿದು ಈ ದೇಶಕ್ಕೆ ಬಂದವರು. ಭದ್ರತೆಯನ್ನು ಕಷ್ಟಪಟ್ಟು ಸಂಪಾದಿಸಿದ್ದೇವೆ, ಹಾಗಾಗಿ ಮಕ್ಕಳು ಅದನ್ನು ಪಣಕ್ಕಿಡುವುದು ನಮಗೆ ಸಹಿಸದು. ಪರೀಕ್ಷೆಯ ವರ್ಷ ಬಂತೆಂದರೆ ಈಜು ನಿಲ್ಲುತ್ತದೆ, ಆಟ ನಿಲ್ಲುತ್ತದೆ, ಹೆಣ್ಣುಮಗುವಾದರೆ ಇನ್ನೂ ಬೇಗ ನಿಲ್ಲುತ್ತದೆ. ಇನ್ನೊಬ್ಬರ ಮಗಳು ಸಾಗರ ದಾಟಿದರೆ ಚಪ್ಪಾಳೆ, ನಮ್ಮ ಮಗಳು ಕೇಳಿದರೆ 'ನಿನಗೇಕಮ್ಮ ಈ ಉಸಾಬರಿ?'

ಹೆದರಬೇಡಿ ಎಂದು ನಾನು ಹೇಳುವುದಿಲ್ಲ. ಹೆದರಿಕೆಗೆ ಕಾರಣವಿದೆ. 2022ರ ಜನವರಿಯಲ್ಲಿ 75 ವರ್ಷದ ಅನುಭವಿ ಫ್ರೆಂಚ್ ಸಾಹಸಿ ಜಾನ್-ಜಾಕ್ ಸಾವಾಂ ಇದೇ ಅಟ್ಲಾಂಟಿಕ್ಕಿನಲ್ಲಿ ಒಂಟಿಯಾಗಿ ಹುಟ್ಟು ಹಾಕುತ್ತ ಪ್ರಾಣ ಬಿಟ್ಟರು. ನಾನು ಕೇಳಿಕೊಳ್ಳುವುದು ಇಷ್ಟೇ: ಆ ಹೆದರಿಕೆಯನ್ನು ಪ್ರಶ್ನೆಗಳನ್ನಾಗಿ ಮಾಡಿ. ಬೇಡ ಎನ್ನುವ ಬದಲು, ಎಷ್ಟು ವರ್ಷದ ತಯಾರಿ ಎಂದು ಕೇಳಿ. ಯಾವ ತರಗತಿ ಮುಗಿಸಿದೆ, ಜೊತೆಗಾರರು ಯಾರು, ಅವರೊಡನೆ ಎಷ್ಟು ರಾತ್ರಿ ದೋಣಿಯಲ್ಲಿ ಕಳೆದಿದ್ದೀಯ, ನೀರಿನ ಯಂತ್ರ ಕೆಟ್ಟರೆ ಏನು ಮಾಡುತ್ತೀಯ, ಹಿಂದಿರುಗಬೇಕೆಂದು ಯಾವಾಗ ತೀರ್ಮಾನಿಸುತ್ತೀಯ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಆ ವರ್ಷ ಹೋಗಬಾರದೆಂದು ಮಗುವಿಗೇ ತಿಳಿಯುತ್ತದೆ. ಉತ್ತರವಿದ್ದರೆ ನಿಮಗೂ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ.

ಯಾವುದಕ್ಕಾಗಿ ಈ ಕಷ್ಟ ಎಂಬುದೂ ನ್ಯಾಯವಾದ ಪ್ರಶ್ನೆ. ಅನನ್ಯಾ ತಮ್ಮ ಯಾತ್ರೆಯ ಮೂಲಕ ಎರಡು ಸಂಸ್ಥೆಗಳಿಗೆ ಹಣ ಸಂಗ್ರಹಿಸಿದರು. ಒಂದು ಬ್ರಿಟನ್ನಿನ ಮೆಂಟಲ್ ಹೆಲ್ತ್ ಫೌಂಡೇಶನ್. ಇನ್ನೊಂದು ಚಾಮರಾಜನಗರದ ದೀನಬಂಧು, ಅವರ ದೊಡ್ಡ ಮನೆತನಕ್ಕೆ ಸೇರಿದ ಜಿ.ಎಸ್. ಜಯದೇವ ಅವರು ಅನಾಥ ಮಕ್ಕಳಿಗಾಗಿ ಕಟ್ಟಿದ ಸಂಸ್ಥೆ. ಕಡಲನ್ನೇ ಕಾಣದ ಗಡಿಜಿಲ್ಲೆಯ ಮಕ್ಕಳಿಗಾಗಿ ಅಟ್ಲಾಂಟಿಕ್ಕಿನಲ್ಲಿ ಹುಟ್ಟು ಬಿದ್ದಿತು. ಊರನ್ನು ನೆನೆಯುವ ಬಗೆ ಹಲವು, ಇದೂ ಒಂದು.

ಸಂಘಕ್ಕೆ ನನ್ನದೊಂದು ಸಣ್ಣ ಸಲಹೆ. ಸಾಗರ ದೂರವಿರಲಿ, ಮೊದಲು ಈಜು ಕಲಿಯೋಣ. ಮಕ್ಕಳ ಜೊತೆಗೆ ತಾಯಂದಿರೂ, ತಂದೆಯರೂ, ಬಿಟ್ಟರೆ ಅಜ್ಜಂದಿರೂ. ಇಲ್ಲಿಂದ ಪಿಕಾಡಿಲಿ ಲೈನ್ ಹತ್ತಿದರೆ ನೇರವಾಗಿ ಹ್ಯಾಮರ್‌ಸ್ಮಿತ್, ಅಲ್ಲಿ ಥೇಮ್ಸ್ ದಡದಲ್ಲಿ ರೋಯಿಂಗ್ ಕ್ಲಬ್ಬುಗಳಿವೆ. ಮುಂದಿನ ಬೇಸಿಗೆಯಲ್ಲಿ ಒಂದು ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣ. ದೋಣಿ ನೋಡಲಿ, ಹುಟ್ಟು ಮುಟ್ಟಲಿ. ಎಲ್ಲರೂ ಸಾಗರ ದಾಟಬೇಕಾಗಿಲ್ಲ. ಒಬ್ಬ ಹುಡುಗಿಗೆ ಆಸೆ ಹುಟ್ಟಿದರೆ, ಅವಳು ಬಂದು ಕೇಳಿದ ದಿನ ನಾವು ಕಾಗದ ಪೆನ್ನು ತೆಗೆದುಕೊಂಡು ಅವಳ ಎದುರು ಕೂತು ಪಟ್ಟಿ ಮಾಡುವಂತಾದರೆ ಸಾಕು.

ಬಿಸಿಬೇಳೆಬಾತಿನ ಪರಿಮಳ ಬರುತ್ತಿದೆ, ಕೊಟ್ಟ ಮಾತು ಉಳಿಸಿಕೊಳ್ಳಬೇಕು.