ಒಂದೇ ಪ್ರಕರಣ, ಪ್ರತ್ಯೇಕ ವಿಚಾರಣೆ

ಹಲವರು ಕೂಡಿ ಒಂದು ಅಪರಾಧ ಮಾಡಿದರೆಂಬ ಆರೋಪವಿದ್ದಾಗ ಅವರೆಲ್ಲರನ್ನೂ ಒಟ್ಟಿಗೆ ವಿಚಾರಣೆ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ದಂಡ ಪ್ರಕ್ರಿಯಾ ಸಂಹಿತೆಯ 223ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 246ನೇ ಕಲಮಿನಲ್ಲಿದೆ. ಒಟ್ಟಿಗೆ ನಡೆದರೆ ಸಾಕ್ಷಿದಾರರು ಒಮ್ಮೆ ಬಂದರೆ ಸಾಕು. ಆದರೆ ಇದು ಕಡ್ಡಾಯವಲ್ಲ; ಅಗತ್ಯ ಬಿದ್ದಾಗ ಒಬ್ಬ ಆರೋಪಿಯ ಪ್ರಕರಣವನ್ನು ನ್ಯಾಯಾಲಯ ಬೇರ್ಪಡಿಸಬಹುದು.

ಬೇರ್ಪಡಿಸಲು ಸಾಮಾನ್ಯ ಕಾರಣ ಆರೋಪಿಯ ಗೈರುಹಾಜರಿ. ಸುಲೇಪೇಟದ ಒಂದು ಹೊಡೆದಾಟದಲ್ಲಿ ಮೂವರ ಮೇಲೆ ಚಿಂಚೋಳಿ ನ್ಯಾಯಾಲಯಕ್ಕೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗಿದೆ ಎಂದಿಟ್ಟುಕೊಳ್ಳಬಹುದು. ಇಬ್ಬರು ಪ್ರತಿ ತಾರೀಖಿಗೂ ಹಾಜರಾಗುತ್ತಾರೆ. ಮೂರನೆಯವನು ದುಡಿಯಲು ಹೈದರಾಬಾದಿಗೆ ಹೋದವನು ಮರಳಿಲ್ಲ. ಮೊದಲು ಸಮನ್ಸ್, ಬಳಿಕ ಜಾಮೀನುರಹಿತ ವಾರಂಟು ಹೊರಡುತ್ತದೆ. ಪೊಲೀಸರು ‘ಆಸಾಮಿ ಸಿಗಲಿಲ್ಲ’ ಎಂದು ವಾರಂಟನ್ನು ಮರಳಿಸುತ್ತಾರೆ. ಅವನಿಗಾಗಿ ಕಾಯುತ್ತ ಕುಳಿತರೆ ಹಾಜರಿರುವ ಇಬ್ಬರಿಗೆ ಅನ್ಯಾಯವಾಗುತ್ತದೆ. ಆಗ ಅವನ ಭಾಗವನ್ನು ಬೇರ್ಪಡಿಸಿ ಹೊಸ ಸಂಖ್ಯೆ ಕೊಡಲಾಗುತ್ತದೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ಇದಕ್ಕೆ ‘ಸ್ಪ್ಲಿಟ್ ಅಪ್ ಕೇಸ್’ ಎನ್ನುತ್ತಾರೆ. ಉಳಿದಿಬ್ಬರ ವಿಚಾರಣೆ ಮುಂದುವರಿಯುತ್ತದೆ.

ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲಿಯೂ 18 ಆರೋಪಿಗಳ ಪೈಕಿ ಒಬ್ಬ ತಲೆಮರೆಸಿಕೊಂಡಿದ್ದ. ಬೆಂಗಳೂರಿನ ವಿಶೇಷ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ 17 ಮಂದಿಯ ಮೇಲೆ ದೋಷಾರೋಪ ಹೊರಿಸಿತು. 2022ರ ಜುಲೈನಲ್ಲಿ ಸಾಕ್ಷಿಗಳ ವಿಚಾರಣೆ ಆರಂಭವಾಯಿತು.

ಎರಡು ಸಂದರ್ಭಗಳಲ್ಲಿ ಪ್ರತ್ಯೇಕ ವಿಚಾರಣೆ ಕಡ್ಡಾಯ. 18 ವರ್ಷ ತುಂಬದವರನ್ನು ವಯಸ್ಕರ ಜೊತೆ ವಿಚಾರಣೆ ಮಾಡುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆಯ 23ನೇ ಕಲಮು ಹೇಳುತ್ತದೆ. ಅವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಕ್ಷಮಾದಾನ ಪಡೆದ ಮಾಫಿ ಸಾಕ್ಷಿ ಮಾತಿಗೆ ತಪ್ಪಿದರೆ ಅವನ ವಿಚಾರಣೆಯೂ ಉಳಿದವರಿಂದ ಬೇರೆಯಾಗಿಯೇ ನಡೆಯಬೇಕು.

ಬೇರ್ಪಟ್ಟ ಮೇಲೆ ಸಾಕ್ಷ್ಯದ ದಾರಿಯೂ ಬೇರೆಯಾಗುತ್ತದೆ. ಸುಲೇಪೇಟದ ಉದಾಹರಣೆಯಲ್ಲಿ, ಮೊದಲ ಇಬ್ಬರ ವಿಚಾರಣೆ ವೇಳೆ ನುಡಿದ ಸಾಕ್ಷಿಗೆ ಮೂರನೆಯವನ ವಕೀಲರು ಪಾಟೀಸವಾಲು ಮಾಡಿರುವುದಿಲ್ಲ. ಆದ್ದರಿಂದ ಅವನು ಸಿಕ್ಕಿದ ಮೇಲೆ ಗಾಯಾಳು, ಪಂಚರು, ವೈದ್ಯರು ಮತ್ತೆ ಕಟಕಟೆ ಹತ್ತಬೇಕಾಗುತ್ತದೆ. ಒಂದು ವಿಚಾರಣೆಯ ಸಾಕ್ಷ್ಯವನ್ನು ಪ್ರತ್ಯೇಕವಾಗಿ ನಡೆದ ಇನ್ನೊಂದು ವಿಚಾರಣೆಯ ಆರೋಪಿಯ ಮೇಲೆ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಎ.ಟಿ. ಮೈದೀನ್ ಪ್ರಕರಣದಲ್ಲಿ ಹೇಳಿದೆ. ಇದಕ್ಕೊಂದು ಅಪವಾದವುಂಟು: ಆರೋಪಿ ಪರಾರಿಯಾಗಿದ್ದಾನೆ, ಬೇಗ ಸಿಗುವ ಸೂಚನೆಯಿಲ್ಲ ಎಂಬುದು ಸಾಬೀತಾದರೆ, ಅವನ ಗೈರುಹಾಜರಿಯಲ್ಲೇ ಸಾಕ್ಷ್ಯವನ್ನು ದಾಖಲಿಸಿಡಬಹುದು. ಮುಂದೆ ಆ ಸಾಕ್ಷಿ ತೀರಿಕೊಂಡರೆ ಅಥವಾ ಪತ್ತೆಯಾಗದಿದ್ದರೆ ಆ ದಾಖಲೆ ಬಳಕೆಗೆ ಬರುತ್ತದೆ.

ಹೊಸ ಸಂಹಿತೆಯ 356ನೇ ಕಲಮು ಇನ್ನೂ ಮುಂದೆ ಹೋಗಿದೆ. ಗಂಭೀರ ಅಪರಾಧದಲ್ಲಿ ಘೋಷಿತ ಅಪರಾಧಿಯಾದವನು ತಪ್ಪಿಸಿಕೊಂಡಿದ್ದು, ತಕ್ಷಣ ಬಂಧಿಸುವ ಸಾಧ್ಯತೆಯಿಲ್ಲದಿದ್ದರೆ, ದೋಷಾರೋಪ ಹೊರಿಸಿ 90 ದಿನ ಕಳೆದ ಮೇಲೆ ಅವನಿಲ್ಲದೆಯೇ ವಿಚಾರಣೆ ನಡೆಸಬಹುದು. ಅದಕ್ಕೂ ಮೊದಲು ಕನಿಷ್ಠ 30 ದಿನಗಳ ಅಂತರದಲ್ಲಿ ಎರಡು ವಾರಂಟು ಹೊರಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು. ವಕೀಲರಿಲ್ಲದವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಒದಗಿಸಬೇಕು.

ಮೊದಲ ಇಬ್ಬರು ಖುಲಾಸೆಯಾದರೆ ಮೂರನೆಯವನ ಪ್ರಕರಣ ತಾನಾಗಿಯೇ ಮುಗಿಯುವುದಿಲ್ಲ. ಅವನು ಹೈಕೋರ್ಟಿಗೆ ಅರ್ಜಿ ಹಾಕಿಕೊಳ್ಳಬಹುದು. ಚಿಂಚೋಳಿ ಭಾಗದವರಿಗೆ ಕಲಬುರಗಿಯಲ್ಲೇ ಅದರ ಪೀಠವಿದೆ. ಎಲ್ಲರ ಮೇಲೂ ಒಂದೇ ಬಗೆಯ ಆರೋಪ, ಅವೇ ಸಾಕ್ಷಿಗಳು ಇದ್ದು, ಮರುವಿಚಾರಣೆಯಿಂದ ಏನೂ ಸಿದ್ಧವಾಗದು ಎಂದು ಕಂಡಾಗ ಹೈಕೋರ್ಟ್ ಇಂಥ ಪ್ರಕರಣಗಳನ್ನು ರದ್ದುಪಡಿಸಿದ್ದುಂಟು. ಅವನೊಬ್ಬನ ಮೇಲೆಯೇ ಬೇರೆ ಆರೋಪವಿದ್ದರೆ ವಿಚಾರಣೆ ಎದುರಿಸಲೇಬೇಕು.