ಕರೆಂಟು ನಂಬಲಾಗದ ತೋಟದ ಮನೆಗೆ ಎಂಥ ಫ್ರಿಜ್?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರ ಶಿಬಿರದಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಮೇವಿನ ಬಗ್ಗೆ ಮಾತಾಡಲು ಹೋದ ಕಡೆಯಲ್ಲೆಲ್ಲ ಈಚೆಗೆ ನನಗೊಂದು ಬೇರೆ ಪ್ರಶ್ನೆ ಎದುರಾಗುತ್ತಿದೆ. "ಸಾರ್, ತೋಟದಲ್ಲೇ ಮನೆ ಮಾಡಿದ್ದೇವೆ, ಕರೆಂಟು ಪಂಪ್‌ಸೆಟ್ ಲೈನಿನದು, ಯಾವಾಗ ಬರುತ್ತೋ ಯಾವಾಗ ಹೋಗುತ್ತೋ. ಸೋಲಾರ್ ಮೇಲೆ ಒಂದು ಫ್ರಿಜ್ ಇಟ್ಟುಕೊಳ್ಳಬಹುದಾ?" ದನದ ಡಾಕ್ಟರಿಗೂ ಫ್ರಿಜ್ಜಿಗೂ ಏನು ಸಂಬಂಧ ಎನ್ನಬೇಡಿ. ನಮ್ಮ ಕೆಲಸದ ಅರ್ಧ ಭಾಗ ತಂಪಿನ ಮೇಲೆಯೇ ನಿಂತಿದೆ. ಹಾಲು 4 ಡಿಗ್ರಿಗೆ ಇಳಿಯಬೇಕು, ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಕೃತಕ ಗರ್ಭಧಾರಣೆಯ ವೀರ್ಯನಳಿಕೆ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಮುಳುಗಿರಬೇಕು.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಸಂಜೆ ಕರೆದ ಹಾಲನ್ನು ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಸಂಘಕ್ಕೆ ಹಾಕುವ ಆಲೋಚನೆ ಬೇಡ. ಕರೆದ ಹಾಲು ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಅಂಥ 20 ಲೀಟರನ್ನು 4 ಡಿಗ್ರಿಗೆ ಇಳಿಸಲು ಮುಕ್ಕಾಲು ಯೂನಿಟ್ಟಿನಷ್ಟು ಶಾಖವನ್ನು ಹೊರಗೆ ಹಾಕಬೇಕು. ಮನೆಯ ಫ್ರಿಜ್ಜಿಗೆ ಅದು ಆರೇಳು ಗಂಟೆಯ ಕೆಲಸ, ಅದೂ ಕರೆಂಟು ಎಡೆಬಿಡದೆ ಇದ್ದರೆ. ಬೆಚ್ಚನೆಯ ಹಾಲಿನಲ್ಲಿ ಅರ್ಧ ಗಂಟೆಯೊಳಗೇ ಸೂಕ್ಷ್ಮಾಣುಗಳು ಇಮ್ಮಡಿಯಾಗುತ್ತವೆ. ಅವು ನಿಮ್ಮ ಫ್ರಿಜ್ಜಿಗಾಗಿ ಕಾಯುವುದಿಲ್ಲ. ಹಾಲಿನ ಕ್ಯಾನನ್ನು ಬೋರಿನ ತಣ್ಣೀರು ತುಂಬಿದ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಇಳಿಸಿ, ಆಗಾಗ ಕದಡಿ, ಬೇಗ ಸಂಘಕ್ಕೆ ಒಯ್ಯಿರಿ. ಉಳಿದದ್ದನ್ನು ಶೀತಲೀಕರಣ ಘಟಕ ನೋಡಿಕೊಳ್ಳುತ್ತದೆ.

ಹಾಗಾದರೆ ತೋಟದ ಮನೆಗೆ ಫ್ರಿಜ್ ಏಕೆ? ಬೆಣ್ಣೆ, ಮೊಸರು, ತರಕಾರಿ, ಮನೆಯವರ ಔಷಧಿ, ಒಮ್ಮೊಮ್ಮೆ ರಾಸಿನ ಔಷಧಿ. ಇಷ್ಟಕ್ಕೆ ದೊಡ್ಡದು ಬೇಕಿಲ್ಲ. ಅಂಗಡಿಯವರು ಲೀಟರ್ ಹೇಳುತ್ತಾರೆ, ಬಣ್ಣ ತೋರಿಸುತ್ತಾರೆ. ನೀವು ಕೇಳಬೇಕಾದದ್ದು ಒಂದೇ: ಕರೆಂಟು ಹೋದ ಮೇಲೆ ಇದು ಎಷ್ಟು ಗಂಟೆ ತಂಪು ಹಿಡಿಯುತ್ತದೆ?

ಎದುರಿಗೆ ಬಾಗಿಲಿರುವ ಫ್ರಿಜ್ಜನ್ನು ತೆರೆದಾಗ ತಣ್ಣನೆಯ ಗಾಳಿ ನೀರಿನಂತೆ ಕೆಳಗೆ ಸುರಿದುಹೋಗುತ್ತದೆ. ಪೆಟ್ಟಿಗೆಯಂತೆ ಮೇಲಕ್ಕೆ ಮುಚ್ಚಳವಿರುವುದರಲ್ಲಿ ಅದು ಒಳಗೇ ಕೂತಿರುತ್ತದೆ. ಗೋಡೆ ದಪ್ಪವಿದ್ದಷ್ಟೂ ಒಳ್ಳೆಯದು. ಆಸ್ಪತ್ರೆಗಳಲ್ಲಿ ಲಸಿಕೆಗೆ ಬಳಸುವ ಫ್ರಿಜ್ಜಿನ ಗೋಡೆಯೊಳಗೆ ಮಂಜುಗಡ್ಡೆಯ ಪದರವೇ ಇರುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೆ ಉಳಿದ ಹದಿನಾರು ಗಂಟೆ ಅದು ತಾನೇ ತಳ್ಳುತ್ತದೆ. ಬ್ಯಾಟರಿಯೇ ಇಲ್ಲದೆ, ಹಗಲು ಬಿಸಿಲಿನಲ್ಲಿ ಮಂಜುಗಡ್ಡೆ ಕಟ್ಟಿಕೊಂಡು ರಾತ್ರಿ ಕಳೆಯುವ ಸೋಲಾರ್ ಲಸಿಕೆ ಫ್ರಿಜ್ಜುಗಳೂ ಇವೆ. ಬೆಲೆ ಜಾಸ್ತಿ, ಮನೆಗೆ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದರ ಉಪಾಯವನ್ನು ಮಾತ್ರ ಕದಿಯಿರಿ: ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು ಜೋಡಿಸಿಡಿ. ಖಾಲಿ ಫ್ರಿಜ್ಜಿಗಿಂತ ತುಂಬಿದ ಫ್ರಿಜ್ ಹೆಚ್ಚು ಹೊತ್ತು ತಣ್ಣಗಿರುತ್ತದೆ.

ಇನ್ನು ಸೋಲಾರ್ ಲೆಕ್ಕ. ಫ್ರಿಜ್ಜಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಅಚ್ಚಾಗಿರುತ್ತದೆ. 180 ಎಂದಿದ್ದರೆ ದಿನಕ್ಕೆ ಅರ್ಧ ಯೂನಿಟ್. ತಗಡಿನ ಮಾಡಿನ ಕೆಳಗಾದರೆ ಇನ್ನೂ ಹೆಚ್ಚು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ, ಆದರೆ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಅದರ ಮೇಲೆ ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಅಂದರೆ ಒಂದು ದಿನದ ಆಧಾರ, ಅಷ್ಟೇ. ಜಗಳೂರಿನವರಿಗೆ ಬಿಸಿಲಿಗೆ ಕೊರತೆಯಿಲ್ಲ. ಮಲೆನಾಡ ಮಗ್ಗುಲಿನ ನ್ಯಾಮತಿ, ಚನ್ನಗಿರಿಯವರು ಮಾತ್ರ ಆಷಾಢದ ಮೋಡ ನೆನಪಿಟ್ಟುಕೊಂಡು ಪ್ಯಾನೆಲ್ಲು ಬ್ಯಾಟರಿ ಎರಡನ್ನೂ ಒಂದೂವರೆ ಪಟ್ಟು ಹಾಕಿಸಬೇಕು. ಹೊಸದಾಗಿ ಕೊಳ್ಳುವುದಾದರೆ ಬ್ಯಾಟರಿಯಿಂದ ನೇರವಾಗಿ ಓಡುವ 12 ಅಥವಾ 24 ವೋಲ್ಟಿನ ಡಿ.ಸಿ. ಕಂಪ್ರೆಸರ್ ಫ್ರಿಜ್ಜೇ ನನ್ನ ಆಯ್ಕೆ. ಇನ್ವರ್ಟರ್ ತಾಪತ್ರಯವಿಲ್ಲ, ಚಾಲೂ ಆಗುವಾಗ ಸಾದಾ ಫ್ರಿಜ್ಜಿನಂತೆ ಒಮ್ಮೆಲೇ ಕರೆಂಟು ಎಳೆಯುವುದಿಲ್ಲ, ಜೀಪಿನಲ್ಲೂ ಇಡಬಹುದು.

ಕಾರಿಗೆ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ತಂಪುಪೆಟ್ಟಿಗೆಗೆ ಮರುಳಾಗಬೇಡಿ. ಅದರಲ್ಲಿ ಕಂಪ್ರೆಸರ್ ಇಲ್ಲ. ಹೊರಗಿನ ಶಾಖಕ್ಕಿಂತ ಹದಿನೈದಿಪ್ಪತ್ತು ಡಿಗ್ರಿ ಇಳಿಸುತ್ತದೆ, ಅಷ್ಟೇ. ಏಪ್ರಿಲ್‌ನಲ್ಲಿ ಜಗಳೂರಿನಲ್ಲಿ ಹೊರಗೆ 38 ಇದ್ದರೆ ಒಳಗೆ 20. ಗ್ಯಾಸ್ ಅಥವಾ ಸೀಮೆಎಣ್ಣೆ ಉರಿಯಿಂದ ಓಡುವ ಫ್ರಿಜ್ಜು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದದ್ದು. ಸದ್ದಿಲ್ಲ, ಆದರೆ ಸಮತಟ್ಟಾಗಿ ಕೂರಿಸಬೇಕು, ಸೆಕೆಯಲ್ಲಿ ಸೋಲುತ್ತದೆ. ಏನೂ ಕೊಳ್ಳಲಾಗದವರು ದೊಡ್ಡ ಮಡಿಕೆಯಲ್ಲಿ ಒದ್ದೆ ಮರಳು ತುಂಬಿ ಒಳಗೆ ಚಿಕ್ಕ ಮಡಿಕೆ ಇಡಿ. ಒಣಹವೆಯ ಜಗಳೂರಿನಲ್ಲಿ ತರಕಾರಿಗೆ ಚೆನ್ನಾಗಿ ಒದಗುತ್ತದೆ. ಮಳೆಗಾಲದ ಹೊನ್ನಾಳಿಯಲ್ಲಿ ಪ್ರಯೋಜನವಿಲ್ಲ.

ಈಗ ನನ್ನ ಹೊಟ್ಟೆಯುರಿಯ ವಿಷಯಕ್ಕೆ ಬರುತ್ತೇನೆ. "ಲಸಿಕೆ ಹಾಕಿಸಿದ್ದೆವಲ್ಲ ಸಾರ್, ಆದರೂ ಕಾಲುಬಾಯಿ ಜ್ವರ ಬಂತು" ಎನ್ನುವವರಿದ್ದಾರೆ. ಅದಕ್ಕೆ ಕಾರಣಗಳು ಹಲವು, ತಂಪು ಕೆಟ್ಟದ್ದು ಅವುಗಳಲ್ಲಿ ಒಂದು. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ರೋಗದಿಂದ ಸಾವಿರಾರು ರಾಸುಗಳು ಸತ್ತವು. 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತವಾಗಿ ಹಾಕುತ್ತಿರುವ ಲಸಿಕೆ ಊರಿಗೆ ಬಂದ ರಾತ್ರಿ ಯಾರದೋ ಮನೆಯ ಫ್ರಿಜ್ಜಿನಲ್ಲಿ ತಂಗುವುದುಂಟು. ಬಿಸಿಯಾದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆಂಬುದು ಗೊತ್ತಿಲ್ಲ. "ಇನ್ನೂ ತಣ್ಣಗಿರಲಿ" ಎಂದು ಐಸಿನ ಖಾನೆಗೆ ತುರುಕಿದರೆ ಲಸಿಕೆಯ ಸತ್ವ ಹೋಯಿತು, ಕರಗಿಸಿದರೂ ಮರಳಿ ಬರುವುದಿಲ್ಲ. ಬಾಗಿಲಿನ ಅರೆಯೂ ಬೇಡ, ಅಲ್ಲಿ ಶಾಖ ಹೆಚ್ಚು. ನಡುವಿನ ಅರೆಯಲ್ಲಿ, ಗೋಡೆಗೆ ತಾಗದಂತೆ ಇಡಿ.

ಕುರಿ ಹಿಂಡಿನ ಜೊತೆ ಊರೂರು ತಿರುಗುವವರ ಬಳಿಗೆ ಲಸಿಕೆ ಒಯ್ಯಲು ಫ್ರಿಜ್ ಬೇಕಿಲ್ಲ, ಲಸಿಕೆ ಡಬ್ಬಿ ಸಾಕು. ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ತುಂಬಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು, ಆಮೇಲೆ ಜೋಡಿಸಿ. ಮರದ ನೆರಳಿನಲ್ಲಿಡಿ, ಮುಚ್ಚಳ ಪದೇಪದೇ ತೆಗೆಯಬೇಡಿ.

ಕೊನೆಯದಾಗಿ, ಮನೆಗೆ ತಂದ ಫ್ರಿಜ್ಜನ್ನು ನೀವೇ ಪರೀಕ್ಷಿಸಿ. ಒಂದು ಬಾಟಲಿ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಎರಡು ದಿನ ಓಡಿಸಿ, 4 ಡಿಗ್ರಿಗೆ ಇಳಿದ ಮೇಲೆ ಬೆಳಿಗ್ಗೆ ಪ್ಲಗ್ ಕೀಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಸೊನ್ನೆಯಿಂದ ತೋರಿಸುವಂಥದ್ದು ಬೇಕು. ತಾಸಿಗೊಮ್ಮೆ ನೋಡುತ್ತ ಹೋಗಿ. 8 ಡಿಗ್ರಿ ದಾಟಲು ಎಷ್ಟು ತಾಸು ಹಿಡಿಯಿತೋ ಅದನ್ನು ಬರೆದು ಬಾಗಿಲಿಗೆ ಅಂಟಿಸಿ. ಮುಂದೆ ಲಸಿಕೆ ಇಡಲು ಬಂದವರಿಗೆ ಆ ಚೀಟಿಯನ್ನು ಮೊದಲು ತೋರಿಸಿ.