ಒಂದು ಹಿಡಿ ಗೂಡು, ಒಂದು ಚಮಚ ರಕ್ತ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿದ್ದೀರಾ ಮಕ್ಕಳೇ? ರೈತರು ಮೂಟೆ ಬಿಚ್ಚಿ ರೇಷ್ಮೆಗೂಡು ಸುರಿದಿರುತ್ತಾರೆ. ಕೊಳ್ಳಲು ಬಂದ ರೀಲರು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಒಂದೊಂದೇ ಗೂಡು ಪರೀಕ್ಷಿಸುತ್ತಾ ಕೂರುವುದಿಲ್ಲ. ಒಂದು ಹಿಡಿ ಎತ್ತಿ, ಒತ್ತಿ ನೋಡಿ, ಕಿವಿಯ ಹತ್ತಿರ ಅಲುಗಿಸುತ್ತಾರೆ. ಒಳಗಿನ ಹುಳು ಲೊಟಲೊಟ ಎಂದರೆ ಗೂಡು ಚೆನ್ನಾಗಿದೆ ಎಂದರ್ಥ. ಮೇಲಿನ ಗೂಡನ್ನಷ್ಟೇ ನೋಡಿದರೆ ಮೋಸ ಹೋಗಬಹುದು. ಅದಕ್ಕೇ ಅಡಿಗೂ ಕೈ ಹಾಕಬೇಕು. ಈ ಮಾತು ನೆನಪಿರಲಿ.

2020ರಲ್ಲಿ ಕೊರೊನಾ ಬಂದಾಗ ನೀವು ತೀರಾ ಚಿಕ್ಕವರು. ಗೌರಿಬಿದನೂರಿನಲ್ಲಿ ಮಾರ್ಚ್ ತಿಂಗಳಲ್ಲೇ ಸೋಂಕು ಕಾಣಿಸಿಕೊಂಡಿತ್ತು. ದಿನಾ ಸಂಜೆ ಟೀವಿಯಲ್ಲಿ ಸೋಂಕಿತರ ಲೆಕ್ಕ ಹೇಳುತ್ತಿದ್ದರು. ಅದು ಪರೀಕ್ಷೆ ಮಾಡಿಸಿಕೊಂಡವರ ಲೆಕ್ಕ ಮಾತ್ರ. ಸಣ್ಣ ನೆಗಡಿ ಎಂದು ಸುಮ್ಮನಿದ್ದವರು, ಸೋಂಕು ಬಂದು ಹೋದದ್ದೇ ಗೊತ್ತಾಗದವರು ಅದರಲ್ಲಿ ಇರಲಿಲ್ಲ. ಅವರನ್ನು ಹುಡುಕುವುದು ಹೇಗೆ?

ಅವರ ರಕ್ತವನ್ನೇ ಕೇಳಬೇಕು! ವೈರಸ್ ಮೈಯೊಳಗೆ ಬಂದರೆ ದೇಹ ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕವೆಗೋಲಿನಂತೆ ಎರಡು ಕವಲಿನ ಪುಟಾಣಿ ಪ್ರೋಟೀನುಗಳು ಅವು. ಒಂದು ಮಿಲಿಮೀಟರ್ ಉದ್ದಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಹಿಡಿಸುತ್ತವೆ. ಕವಲಿನ ತುದಿ ವೈರಸ್ಸಿಗೆ ಅಂಟಿಕೊಳ್ಳುತ್ತದೆ. ವೈರಸ್ ಹೋದ ಮೇಲೂ ಇವು ತಿಂಗಳುಗಟ್ಟಲೆ ರಕ್ತದಲ್ಲಿ ಸುತ್ತುತ್ತಿರುತ್ತವೆ. ಪ್ರಯೋಗಾಲಯದಲ್ಲಿ 96 ಗುಳಿಗಳಿರುವ ತಟ್ಟೆ ಇರುತ್ತದೆ, ಅಳಗುಳಿ ಮಣೆಯ ಹಾಗೆ. ಗುಳಿಗಳ ತಳಕ್ಕೆ ವೈರಸ್ಸಿನ ಪ್ರೋಟೀನ್ ಹಚ್ಚಿ, ರಕ್ತದ ತಿಳಿಯನ್ನು ಹಾಕುತ್ತಾರೆ. ಪ್ರತಿಕಾಯವಿದ್ದರೆ ಅದು ಅಲ್ಲೇ ಅಂಟಿ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ. ಬಣ್ಣ ಬರಿಸುವ ದ್ರಾವಣ ಹಾಕಿದಾಗ ಆ ಗುಳಿ ಅರಿಸಿನ ಕದಡಿದಂತೆ ಹಳದಿಯಾಗುತ್ತದೆ. ನನಗಂತೂ ಇದು ಎಷ್ಟು ಸಲ ಓದಿದರೂ ಬೆರಗು.

ಆದರೆ ಕರ್ನಾಟಕದ ಸುಮಾರು ಏಳು ಕೋಟಿ ಜನರ ರಕ್ತ ತೆಗೆಯಲಾದೀತೇ? ಇಲ್ಲಿ ಬೇಕಾಯಿತು ನೋಡಿ ಗೂಡಿನ ಹಿಡಿ. 2020ರ ಸೆಪ್ಟೆಂಬರ್ 3ರಿಂದ 16ರವರೆಗೆ, ರಾಜ್ಯದ 30 ಜಿಲ್ಲೆಗಳ 290 ಆಸ್ಪತ್ರೆ, ಆರೋಗ್ಯ ಕೇಂದ್ರಗಳ ಮೂಲಕ 16,416 ಜನರನ್ನು ರಕ್ತದ ಸಮೀಕ್ಷೆಗೆ ಆರಿಸಿದರು. ಶಿಡ್ಲಘಟ್ಟ, ಗೌರಿಬಿದನೂರು ಇರುವ ಚಿಕ್ಕಬಳ್ಳಾಪುರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಬರೀ ರೋಗಿಗಳನ್ನೇ ಆರಿಸಿದ್ದರೆ ಮೇಲಿನ ಗೂಡನ್ನಷ್ಟೇ ನೋಡಿದಂತೆ. ಅದಕ್ಕೇ ತಪಾಸಣೆಗೆ ಬಂದ ಗರ್ಭಿಣಿಯರು, ರೋಗಿಯ ಜೊತೆಗೆ ಬಂದವರು ಒಂದು ಗುಂಪು. ಆಸ್ಪತ್ರೆಯ ಸಿಬ್ಬಂದಿ, ಬಸ್ ಕಂಡಕ್ಟರ್, ತರಕಾರಿ ಮಾರುವವರು ಹೀಗೆ ದಿನಾ ನೂರಾರು ಜನರ ನಡುವೆ ಇರುವವರದು ಇನ್ನೊಂದು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ದಿನವಿಡೀ ನಿಲ್ಲುವವರನ್ನು ನೆನೆಸಿಕೊಂಡರೆ ಆ ಗುಂಪು ಯಾಕೆ ಬೇಕಿತ್ತೆಂದು ತಿಳಿಯುತ್ತದೆ. ವಯಸ್ಸಾದವರು, ಮೊದಲೇ ಕಾಯಿಲೆಯಿದ್ದವರು ಮೂರನೆಯ ಗುಂಪು.

ನೂರಕ್ಕೆ ಸುಮಾರು 16 ಜನರಲ್ಲಿ ಪ್ರತಿಕಾಯ ಸಿಕ್ಕಿತು. ಏಳು ಕೋಟಿಗೆ ಗುಣಿಸಿ ನೋಡಿ: ಒಂದು ಕೋಟಿ ದಾಟುತ್ತದೆ. ಆ ಹೊತ್ತಿಗೆ ರಾಜ್ಯದಲ್ಲಿ ಪರೀಕ್ಷೆಯಿಂದ ಖಚಿತವಾಗಿದ್ದ ಸೋಂಕು ಐದು ಲಕ್ಷಕ್ಕೂ ಕಡಿಮೆ!

ಪ್ರತಿಕಾಯಗಳು ಕಾಲ ಕಳೆದಂತೆ ಕಡಿಮೆಯಾಗುತ್ತವೆ, ಹೊಸಬರಿಗೆ ಸೋಂಕೂ ತಗಲುತ್ತಿರುತ್ತದೆ. ಹಾಗಾಗಿ ಸೆಪ್ಟೆಂಬರಿನ ಲೆಕ್ಕ ಹೊಸ ವರ್ಷಕ್ಕೆ ಹಳತಾಗಿತ್ತು. 2021ರ ಆರಂಭದಲ್ಲಿ ಮತ್ತೊಂದು ಸುತ್ತು ನಡೆಯಿತು. ಮತ್ತೆ ಜನ ತೋಳು ಚಾಚಿ, ಒಂದೊಂದು ಚಮಚದಷ್ಟು ರಕ್ತ ಕೊಟ್ಟರು.